ಜಪಾನೀಸ್ ಕಲಿಯಲು ನಾನೇ ಬರೆದುಕೊಂಡ ಪ್ರೋಗ್ರಾಮ್

ಜಪಾನೀಸ್ ಪದಗಳನ್ನೂ ಅಕ್ಷರಗಳನ್ನೂ ನೆನಪಲ್ಲಿ ಉಳಿಸಿಕೊಳ್ಳಲು ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಂಡು ಅದರಲ್ಲೇ ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಇಂಥ ಪ್ರೋಗ್ರಾಮ್ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ತಲೆ ಕೆಡಿಸಿಕೊಳ್ಳುವುದು ಯಾವ ಪದವನ್ನು ಎಷ್ಟು ದಿನ ಬಿಟ್ಟು ಮತ್ತೆ ಕೇಳಬೇಕು ಅನ್ನುವ ಲೆಕ್ಕದ ಬಗ್ಗೆ. ಆ ಲೆಕ್ಕ ಹತ್ತು ಸಾಲಿನಲ್ಲಿ ಮುಗಿಯುತ್ತದೆ. ಏನು ಕೇಳಬೇಕು, ಬಂದ ಉತ್ತರವನ್ನು ಹೇಗೆ ಅಳೆಯಬೇಕು ಅನ್ನುವುದರಲ್ಲಿ ಅಸಲಿ ಕೆಲಸ ಇದೆ. ಇದರಲ್ಲಿ ಕನ್ನಡ ಬಲ್ಲವರಿಗೆ ಒಂದು ದೊಡ್ಡ ಅನುಕೂಲ ಇದೆ. ಜಪಾನೀಸ್ ಪದದ ಓದನ್ನು, ಅಂದರೆ ಅದನ್ನು ಹೇಗೆ ಉಚ್ಚರಿಸುತ್ತಾರೆ ಅನ್ನುವುದನ್ನು, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಬದಲು ಸೀದಾ ಕನ್ನಡ ಅಕ್ಷರದಲ್ಲೇ ಬರೆಯಬಹುದು. ನನ್ನ ಪ್ರೋಗ್ರಾಮ್ ನಿಂತಿರುವುದೇ ಇದರ ಮೇಲೆ. ಈ ಬರಹದಲ್ಲೂ ಜಪಾನೀಸ್ ಪದಗಳನ್ನು ಅದು ಒಪ್ಪುವ ಕಾಗುಣಿತದಲ್ಲೇ ಬರೆದಿದ್ದೇನೆ.

ಕಾರ್ಡ್ ತೋರಿಸಿ ನೆನಪು ಪರೀಕ್ಷಿಸುವ ಅಂಕಿ (Anki) ಅನ್ನುವ ಪ್ರೋಗ್ರಾಮ್ ಇದೆಯಲ್ಲ, ಮತ್ತೆ ಯಾಕೆ ಹೊಸದು ಅಂತ ಕೇಳಬಹುದು. ಅಂಕಿ ಒಳ್ಳೆಯ ಪ್ರೋಗ್ರಾಮ್. ಡೇಮಿಯನ್ ಎಲ್ಮ್ಸ್ 2006ರಲ್ಲಿ ಅದನ್ನು ಹೊರತಂದಿದ್ದೂ ಜಪಾನೀಸ್ ಕಲಿಕೆಗೆ ಅಂತಲೇ. ಆದರೆ ಅದರಲ್ಲಿ ಬಹುಪಾಲು ಜನ ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಕಾರ್ಡ್ ತಿರುಗಿಸಿ, ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ. ಹಾಗೆ ಮಾಡುವಾಗ ದೀರ್ಘ ಸ್ವರ ಬಿಟ್ಟುಹೋದರೂ 'ಗೊತ್ತಿತ್ತು ಬಿಡು' ಅನ್ನಿಸಿಬಿಡುತ್ತದೆ. ಟೈಪ್ ಮಾಡಿ ಹೋಲಿಸುವ ಸೌಲಭ್ಯ ಅದರಲ್ಲೂ ಇದೆ, ಆದರೆ ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನನಗೆ ಬೇಕಾಗಿದ್ದು ಉಚ್ಚಾರಕ್ಕೆ ಉಚ್ಚಾರ ಹೋಲಿಸಿ, ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸುವಂಥದ್ದು.

ಮೊದಲು ಪದಗಳು ಬೇಕು. ಇದಕ್ಕೆ ಪುಣ್ಯಕ್ಕೆ ದುಡ್ಡು ಕೊಡಬೇಕಿಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿದ್ದ ಜಿಮ್ ಬ್ರೀನ್ 1991ರಲ್ಲಿ ಶುರು ಮಾಡಿದ ನಿಘಂಟಿನ ಕೆಲಸ ಇವತ್ತು ಜೆಎಂಡಿಕ್ಟ್ ಹೆಸರಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ನಮೂದುಗಳಾಗಿ ಬೆಳೆದಿದೆ. ಅದರ ಜೊತೆಗೇ ಬರುವ ಕಂಜಿಡಿಕ್‌ನಲ್ಲಿ ಒಂದೊಂದು ಕಂಜಿಗೂ, ಅಂದರೆ ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರಕ್ಕೂ, ಗೆರೆಗಳ ಸಂಖ್ಯೆ, ಓದುಗಳು, ಶಾಲೆಯಲ್ಲಿ ಯಾವ ತರಗತಿಗೆ ಕಲಿಸುತ್ತಾರೆ ಅನ್ನುವ ವಿವರ ಇರುತ್ತದೆ. ಗೆರೆ ಎಳೆಯುವ ಕ್ರಮ ಬೇಕಿದ್ದರೆ ಉಲ್ರಿಕ್ ಆಪೆಲ್ ಅವರು ಶುರು ಮಾಡಿದ ಕಂಜಿವಿಜಿ ಇದೆ. ಮೂರೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತವೆ. ಮೂಲವನ್ನು ಹೆಸರಿಸಬೇಕು, ತಿದ್ದಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಹತ್ತಾರು ವರ್ಷ ಜನ ಕೂತು ಮಾಡಿದ ಕೆಲಸ ಅದು. ಹಾಗಾಗಿ ಪ್ರೋಗ್ರಾಮಿನ ಮೊದಲ ಪುಟದಲ್ಲೇ ಅವರ ಹೆಸರು ಹಾಕಿದ್ದೇನೆ.

ಜೆಎಂಡಿಕ್ಟ್ ಒಂದು ದೊಡ್ಡ ಎಕ್ಸ್‌ಎಂಎಲ್ ಫೈಲ್, ಅಂದರೆ ಮಾಹಿತಿಯನ್ನು ಗುರುತುಗಳ ನಡುವೆ ಇಟ್ಟ ಪಠ್ಯ. ಇಡೀ ಫೈಲನ್ನು ಒಂದೇ ಸಲ ಮೆಮೊರಿಗೆ ತರಬೇಡಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೊಂದೇ ನಮೂದು ಓದಿ, ಬೇಕಾದ್ದನ್ನು ತೆಗೆದುಕೊಂಡು, ಉಳಿದದ್ದನ್ನು ಬಿಟ್ಟು ಮುಂದೆ ಹೋಗುವ ವಿಧಾನ ಇದೆ, ಅದನ್ನೇ ಬಳಸಿ. ಇನ್ನೊಂದು ವಿಷಯ: ಪದ ನಾಮಪದವೋ ಕ್ರಿಯಾಪದವೋ, ಕ್ರಿಯಾಪದವಾದರೆ ಯಾವ ಗುಂಪಿನದು ಅನ್ನುವುದನ್ನು ಫೈಲಿನಲ್ಲಿ ಚಿಕ್ಕ ಸಂಕೇತಗಳಲ್ಲಿ ಬರೆದಿರುತ್ತಾರೆ. ಫೈಲ್ ಓದುವ ಲೈಬ್ರರಿ ಆ ಸಂಕೇತವನ್ನು ತಾನೇ ಬಿಡಿಸಿ ಉದ್ದನೆಯ ಇಂಗ್ಲಿಷ್ ವಿವರಣೆಯಾಗಿ ಕೊಡುತ್ತದೆ. ಆ ವಿವರಣೆಯನ್ನು ನಂಬಿಕೊಂಡು ಕೋಡ್ ಬರೆಯುವುದು ಸರಿಯಲ್ಲ, ಅದರ ಮಾತು ಯಾವಾಗ ಬೇಕಾದರೂ ಬದಲಾಗಬಹುದು. ನಾನು ಓದುವ ಮುಂಚೆಯೇ ಆ ವ್ಯಾಖ್ಯೆಗಳನ್ನು ಬದಲಾಯಿಸಿ ಚಿಕ್ಕ ಸಂಕೇತವೇ ಉಳಿಯುವಂತೆ ಮಾಡಿದೆ. ಈ ಸಂಕೇತಗಳು ಆಮೇಲೆ ಬಹಳ ಕೆಲಸಕ್ಕೆ ಬಂದವು.

ಎರಡು ಲಕ್ಷ ಪದಗಳಲ್ಲಿ ಯಾವುದರಿಂದ ಶುರು ಮಾಡೋದು? ಜೆಎಂಡಿಕ್ಟ್‌ನಲ್ಲೇ ಬಳಕೆಯ ಗುರುತುಗಳು ಇವೆ, ಐನೂರು ಐನೂರು ಪದಗಳ ಗುಂಪಾಗಿ. ಆದರೆ ಆ ಎಣಿಕೆ ಬಂದಿದ್ದು ದಿನಪತ್ರಿಕೆಯಿಂದ. ಅದನ್ನೇ ಹಿಡಿದು ಹೊರಟರೆ ಸರಕಾರ, ಸಮಿತಿ, ಆರ್ಥಿಕತೆ ಇವೆಲ್ಲ ಮೊದಲೇ ಬಂದು, ಹಸಿವು, ಚಮಚ, ದಿಂಬು ಇವು ಎಲ್ಲೋ ಹಿಂದೆ ಉಳಿದುಬಿಡುತ್ತವೆ. ಓದಲು ಆಸೆ ಇರುವ ಪಠ್ಯವನ್ನು ಮುಂದಿಟ್ಟುಕೊಂಡು, ಅದರಲ್ಲಿ ಎದುರಾದ ಪದವನ್ನು ಮಾತ್ರ ನಾನು ಸೇರಿಸುತ್ತೇನೆ. ಗುರುತುಗಳು ಹೇಳುವುದು ಇಷ್ಟೇ: ಈ ಪದ ಸಾಮಾನ್ಯವಾದದ್ದು, ಬಿಡಬೇಡ. ಅಥವಾ, ಇದು ಅಪರೂಪ, ಈಗ ಬೇಡ.

ಅರ್ಥದ ವಿಷಯಕ್ಕೆ ಬರೋಣ. ನಿಘಂಟಿನಲ್ಲಿ ಅರ್ಥ ಇಂಗ್ಲಿಷ್, ಜರ್ಮನ್, ರಷ್ಯನ್ ಇಂಥ ಭಾಷೆಗಳಲ್ಲಿದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಅರ್ಥವನ್ನು ನಾನೇ ಬರೆಯುತ್ತೇನೆ. ಪದ ಸೇರಿಸುವಾಗ ಕನ್ನಡ ಅರ್ಥದ ಜಾಗ ಖಾಲಿ ಇದ್ದರೆ ಪ್ರೋಗ್ರಾಮ್ ಮುಂದೆ ಹೋಗುವುದೇ ಇಲ್ಲ. ಇದು ಹೆಚ್ಚಿನ ಕೆಲಸ ಅನ್ನಿಸಬಹುದು, ಆದರೆ ಅರ್ಧ ಕಲಿಕೆ ಇಲ್ಲೇ ಆಗುತ್ತದೆ. ಸಮುಇ, ತ್ಸುಮೆತೈ ಎರಡಕ್ಕೂ ಇಂಗ್ಲಿಷ್ ನಿಘಂಟು ಕೊಡುವ ಅರ್ಥ ಒಂದೇ, ಕೋಲ್ಡ್. ಕನ್ನಡದಲ್ಲಿ ಮೊದಲನೆಯದು ಚಳಿ, ಎರಡನೆಯದು ಮುಟ್ಟಿದರೆ ತಣ್ಣಗಿರುವುದು. ಗೊಂದಲಕ್ಕೆ ಜಾಗವೇ ಇಲ್ಲ. ತಬೆತೆ ಮಿರು ಅಂದರೆ ತಿಂದು ನೋಡು, ತಬೆತೆ ಶಿಮೌ ಅಂದರೆ ತಿಂದುಬಿಡು. ಪದಕ್ಕೆ ಪದ ಕೂರುತ್ತದೆ. ಹಾಗಂತ ಎಲ್ಲ ಕಡೆಯೂ ಹೀಗಲ್ಲ. ನಾವು ಅಂಗಿ, ಬೂಟು, ಟೋಪಿ ಎಲ್ಲಕ್ಕೂ ಹಾಕಿಕೊಳ್ಳುವುದು ಅಂದುಬಿಡುತ್ತೇವೆ. ಜಪಾನೀಸ್‌ನಲ್ಲಿ ಅಂಗಿಗೆ ಕಿರು, ಬೂಟಿಗೆ ಹಕು, ಟೋಪಿಗೆ ಕಬುರು. ಅಂಥಲ್ಲಿ ಅರ್ಥದ ಜಾಗದಲ್ಲಿ ಬರೀ ಕ್ರಿಯಾಪದ ಬರೆಯದೆ 'ಟೋಪಿ ಹಾಕಿಕೋ' ಅಂತಲೇ ಬರೆಯುತ್ತೇನೆ.

ಈಗ ಮುಖ್ಯ ಭಾಗ. ಪರದೆಯ ಮೇಲೆ ಕಂಜಿಯಲ್ಲಿ ಬರೆದ ಪದ ಕಾಣುತ್ತದೆ, ಅದನ್ನು ಹೇಗೆ ಓದುತ್ತಾರೆ ಅಂತ ಟೈಪ್ ಮಾಡಬೇಕು. ಹೆಚ್ಚಿನ ಪ್ರೋಗ್ರಾಮ್‌ಗಳು ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಕೇಳುತ್ತವೆ. ಆದರೆ ಜಪಾನೀಸ್‌ಗೆ ಬೇಕಾದ ಭೇದಗಳು ಇಂಗ್ಲಿಷ್ ಅಕ್ಷರದಲ್ಲಿ ಸಹಜವಾಗಿ ಇಲ್ಲ, ನಮ್ಮ ಲಿಪಿಯಲ್ಲಿ ಇವೆ. ಹ್ರಸ್ವ ದೀರ್ಘ ಇದೆ. ಎ ಏ, ಒ ಓ ಎರಡೂ ಬೇರೆ ಬೇರೆ ಇವೆ. ಒತ್ತಕ್ಷರ ಇದೆ. ಒಬಸನ್ ಅಂದರೆ ಚಿಕ್ಕಮ್ಮ ಅಥವಾ ಅತ್ತೆ, ಒಬಾಸನ್ ಅಂದರೆ ಅಜ್ಜಿ. ಯುಕಿ ಹಿಮ, ಯೂಕಿ ಧೈರ್ಯ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆಚೀಟಿ. ಕನ್ನಡ ಓದುವವರ ಕಣ್ಣಿಗೆ ಇವು ಒಂದೇ ತರಹ ಕಾಣೋಕೆ ಸಾಧ್ಯವೇ ಇಲ್ಲ, ಅಲ್ವಾ? ಬಳೆ ಬಾಳೆ ಒಂದೇ ಅಂತ ನಾವು ಯಾವತ್ತೂ ಅಂದುಕೊಂಡಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜಪಾನೀಸ್ ಅಕ್ಷರಮಾಲೆಯ ಕ್ರಮವೇ ನಮ್ಮ ವರ್ಣಮಾಲೆಯ ಕ್ರಮ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಮೂಲಕ ಸಂಸ್ಕೃತದ ಉಚ್ಚಾರ ಕಲಿತಿದ್ದರ ಗುರುತು ಅದು. ಚ ವರ್ಗದ ಜಾಗದಲ್ಲಿ ಸ ಇದೆ, ಪ ವರ್ಗದ ಜಾಗದಲ್ಲಿ ಹ ಇದೆ. ಹ ಯಾಕೆ ಅಲ್ಲಿ ಬಂತು ಅಂದರೆ, ಹಳೆಯ ಜಪಾನೀಸ್‌ನಲ್ಲಿ ಅದು ಪ ಆಗಿತ್ತು. ಈಗಲೂ ಹ ಅಕ್ಷರಕ್ಕೆ ಎರಡು ಚಿಕ್ಕ ಗೆರೆ ಹಾಕಿದರೆ ಬ, ಒಂದು ಸೊನ್ನೆ ಹಾಕಿದರೆ ಪ. ಉಚ್ಚಾರ ಬರೆಯುವ ಹಿರಗನ ಲಿಪಿಯ 46 ಮೂಲ ಅಕ್ಷರಗಳನ್ನು ಈ ಸಾಲುಗಳಲ್ಲೇ ಜೋಡಿಸಿ ತೋರಿಸಿದರೆ ಕನ್ನಡದವರಿಗೆ ಅವು ಬೇಗ ಹತ್ತುತ್ತವೆ. ಹೊರಗಿನ ಭಾಷೆಯ ಪದಗಳಿಗೆ ಹೆಚ್ಚಾಗಿ ಬಳಸುವ ಕತಕನ ಲಿಪಿಗೆ ಬೇರೆ ಪಟ್ಟಿ ಮಾಡಬೇಕಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಿರಗನದ ಸಂಖ್ಯೆಗೆ 96 ಕೂಡಿಸಿದರೆ ಅದೇ ಉಚ್ಚಾರದ ಕತಕನ ಸಿಗುತ್ತದೆ.

ಕನ್ನಡದಿಂದ ಜಪಾನೀಸ್ ಉಚ್ಚಾರಕ್ಕೆ ಬದಲಾಯಿಸುವ ಭಾಗ ಬರೆಯುವಾಗ ನನಗೆ ನಿಜವಾದ ಖುಷಿ ಸಿಕ್ಕಿತು. ಗಕ್ಕೋ ಅನ್ನುವ ಪದ ತೆಗೆದುಕೊಳ್ಳಿ, ಶಾಲೆ ಅಂತ ಅರ್ಥ. ಕಂಪ್ಯೂಟರಿಗೆ ಇದು ಗ, ಕ, ಒತ್ತು ಮೂಡಿಸುವ ವಿರಾಮ ಚಿಹ್ನೆ (್), ಕ, ಓಕಾರದ ಗುಣಿತ ಅಂತ ಐದು ಸಂಕೇತಗಳಾಗಿ ಕಾಣುತ್ತದೆ. ಮೊದಲು ವ್ಯಂಜನ, ಸ್ವರ ಅಂತ ಬಿಡಿಸಬೇಕು. ಆಮೇಲೆ ಜಪಾನೀಸ್ ಲೆಕ್ಕದಲ್ಲಿ ಮಾತ್ರೆಗಳಾಗಿ ಜೋಡಿಸಬೇಕು: ಗ, ಒಂದು ತಡೆ (ಒತ್ತಿನ ಮುಂಚೆ ಉಸಿರು ಹಿಡಿಯುವ ಹೊತ್ತು), ಕೊ, ಒ. ಒಟ್ಟು ನಾಲ್ಕು. ಮಾತ್ರೆ ಅನ್ನುವುದು ನಮ್ಮ ಛಂದಸ್ಸಿನ ಮಾತೇ. ಗುರುವಿಗೆ ಎರಡು, ಲಘುವಿಗೆ ಒಂದು ಅಂತ ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ ಜಪಾನೀಸ್ ಲೆಕ್ಕ ಆಗಲೇ ಗೊತ್ತಿದೆ. ಗಕ್ಕೋ ಎರಡು ಗುರು, ನಿಪ್ಪೊನ್ ಎರಡು ಗುರು. ಒಂದು ಕಡೆ ಮಾತ್ರ ವ್ಯತ್ಯಾಸ ಇದೆ. ಒಕ್ಯಕು, ಅಂದರೆ ಅತಿಥಿ. ನಮ್ಮ ಲೆಕ್ಕದಲ್ಲಿ ಮುಂದೆ ಒತ್ತಕ್ಷರ ಇರುವುದರಿಂದ ಒ ಗುರುವಾಗುತ್ತದೆ. ಜಪಾನೀಸ್‌ನಲ್ಲಿ ಕ್ಯ ಅನ್ನುವುದು ಒಂದೇ ಮಾತ್ರೆ, ಹಿಂದಿನ ಅಕ್ಷರವನ್ನು ಅದು ಮುಟ್ಟುವುದಿಲ್ಲ. ಒಕ್, ಯಕು ಅಂತ ಒಡೆದು ಹೇಳದೆ ಒ, ಕ್ಯ, ಕು ಅಂತ ಹೇಳಬೇಕು. ಯ ಒತ್ತು ಇರುವ ಪದ ಬಂದಾಗಲೆಲ್ಲ ನನ್ನ ಪ್ರೋಗ್ರಾಮ್ ಮಾತ್ರೆಗಳನ್ನು ಬೇರೆ ಬೇರೆ ಚೌಕದಲ್ಲಿ ತೋರಿಸುತ್ತದೆ.

ನಿಯಮಗಳು ಹೆಚ್ಚೇನಿಲ್ಲ. ಕ್ಕ, ತ್ತ, ಪ್ಪ, ಸ್ಸ, ಶ್ಶ, ಚ್ಚ ಇವಕ್ಕೆ ತಡೆಯ ಮಾತ್ರೆ. ನ್ನ, ಮ್ಮ ಇವಕ್ಕೆ ತಡೆ ಅಲ್ಲ, ಅನುಸ್ವಾರ. ಜಪಾನೀಸ್ ಅನುಸ್ವಾರ ನಮ್ಮದರ ಹಾಗೇ ನಡೆದುಕೊಳ್ಳುತ್ತದೆ. ಶಿಂಬುನ್‌ನಲ್ಲಿ ಬ ಮುಂದೆ ಮ್ ಆಗುತ್ತದೆ, ಗೆಂಕಿಯಲ್ಲಿ ಕ ಮುಂದೆ ಮೂಗಿನ ಙ್ ಆಗುತ್ತದೆ, ಕಂಬ, ಬೆಂಕಿಯಲ್ಲಿ ಆದಂತೆ. ಕಿನೆನ್ ಅಂದರೆ ಸ್ಮರಣೆ, ಕಿಂಎನ್ ಅಂದರೆ ಧೂಮಪಾನ ನಿಷೇಧ. ಇಂಗ್ಲಿಷ್ ಅಕ್ಷರದಲ್ಲಿ ಈ ಎರಡನ್ನು ಬೇರೆ ಮಾಡಲು ನಡುವೆ ಒಂದು ಚಿಹ್ನೆ ತುರುಕಬೇಕು. ಕನ್ನಡದಲ್ಲಿ ಸೊನ್ನೆ ಹಾಕಿ ಪಕ್ಕದಲ್ಲಿ ಎ ಬರೆದರೆ ಆಯಿತು.

ನಮ್ಮಲ್ಲಿ ಇಲ್ಲದ ಉಚ್ಚಾರಗಳೂ ಇವೆ. ತ್ಸು ಬಂದರೆ ಅದನ್ನು ಒತ್ತಕ್ಷರ ಅಂತ ಬಿಡಿಸದೆ ಒಂದೇ ವ್ಯಂಜನ ಅಂತ ಹಿಡಿಯಬೇಕು. ಜ ಅಕ್ಷರದ ಎರಡು ಉಚ್ಚಾರ ಕೊಂಚ ತೊಂದರೆ ಕೊಡುತ್ತದೆ. ಜನ ಪದದ ಜ ಜಪಾನೀಸ್‌ನಲ್ಲಿದೆ, ಇಂಗ್ಲಿಷ್ ಝೂ ಪದದಲ್ಲಿ ಬರುವಂಥದ್ದೂ ಇದೆ. ಕನ್ನಡದಲ್ಲಿ ಅದಕ್ಕೆ ಜ ಕೆಳಗೆ ಚುಕ್ಕೆ ಹಾಕುತ್ತಾರೆ, ಆದರೆ ಆ ಚುಕ್ಕೆ ಟೈಪ್ ಮಾಡುವುದು ಕಿರಿಕಿರಿ. ಜಪಾನೀಸ್‌ನಲ್ಲಿ ಮಹಾಪ್ರಾಣ ಇಲ್ಲ, ಅಂದರೆ ಝ ಅಕ್ಷರ ಸುಮ್ನೆ ಖಾಲಿ ಕೂತಿದೆ. ಅದನ್ನೇ ಈ ಉಚ್ಚಾರಕ್ಕೆ ಕೊಟ್ಟೆ. ಕಝೆ ಅಂದರೆ ಗಾಳಿ. ಫು ಉಚ್ಚಾರಕ್ಕೆ ಫ ಕೊಟ್ಟೆ, ಹು ಅಂತ ಟೈಪ್ ಮಾಡಿದರೂ ಒಪ್ಪುತ್ತದೆ.

ಓ ಮತ್ತು ಏ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ತೋಕ್ಯೋ, ಓಸಕ ಎರಡು ಊರುಗಳಲ್ಲೂ ಕಿವಿಗೆ ಕೇಳುವುದು ಓ. ಆದರೆ ಹಿರಗನದಲ್ಲಿ ಬರೆಯುವಾಗ ತೋಕ್ಯೋದ ಓ ಅನ್ನು ಒ ಮತ್ತು ಉ ಅಂತ ಬರೆಯುತ್ತಾರೆ, ಓಸಕದ್ದನ್ನು ಒ ಮತ್ತು ಒ ಅಂತ. ಏ ಕೂಡ ಹೀಗೇ, ಎ ಜೊತೆ ಇ ಅಥವಾ ಎ ಜೊತೆ ಎ. ಕನ್ನಡದ ಓ ನೋಡಿ ಯಾವ ಬರಹ ಅಂತ ಹೇಳಲು ಆಗುವುದಿಲ್ಲ. ಅದಕ್ಕೆ ನಾನು ಉತ್ತರವನ್ನು ಹಿರಗನಕ್ಕೆ ಬದಲಾಯಿಸಿ ಹೋಲಿಸುವುದಿಲ್ಲ. ನಿಘಂಟಿನ ಹಿರಗನವನ್ನೂ ನನ್ನ ಕನ್ನಡವನ್ನೂ ಎರಡನ್ನೂ ಮಾತ್ರೆಗಳ ಪಟ್ಟಿಗೆ ಇಳಿಸಿ, ಆ ಪಟ್ಟಿಗಳನ್ನು ಹೋಲಿಸುತ್ತೇನೆ. ಅಲ್ಲಿ ಒ ಪಕ್ಕದ ಉ ಕೂಡ ಒ ಅಂತಲೇ ಲೆಕ್ಕ. ಆದರೆ ಒಮೊಉ ಅನ್ನುವ ಕ್ರಿಯಾಪದದಲ್ಲಿ, ಯೋಚಿಸು ಅಂತ ಅರ್ಥ, ಕೊನೆಯ ಉ ನಿಜವಾಗಿ ಉ ಅಂತಲೇ ಕೇಳಬೇಕು. ಇಲ್ಲೇ ನಿಘಂಟಿನ ಸಂಕೇತ ನೆರವಿಗೆ ಬರುತ್ತದೆ. ಉ ಅಂತ ಮುಗಿಯುವ ಕ್ರಿಯಾಪದದ ಗುಂಪು ಅಂತ ಗುರುತಿದ್ದರೆ ಕೊನೆಯ ಉ ಅನ್ನು ಮುಟ್ಟಬೇಡ ಅಂತ ಒಂದು ಸಾಲು ಬರೆದರೆ ಮುಗಿಯಿತು. ಸರಿಯಾದ ಹಿರಗನ ಬರಹ ಉತ್ತರದ ನಂತರ ಪರದೆಯ ಮೇಲೆ ಬರುತ್ತದೆ. ಅದನ್ನು ಕೈಯಿಂದ ಬರೆಯುವ ಅಭ್ಯಾಸ ಬೇರೆಯದೇ.

ಕನ್ನಡ ಟೈಪಿಂಗ್‌ನಲ್ಲಿ ಕಣ್ಣಿಗೆ ಕಾಣದ ಎರಡು ಸಂಗತಿಗಳನ್ನು ಮೊದಲೇ ಸರಿ ಮಾಡಿಕೊಳ್ಳಬೇಕು. ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ಹಾಕುವ ಶೂನ್ಯ ಅಗಲದ ಸಂಕೇತವನ್ನು ತೆಗೆದುಹಾಕಬೇಕು. ಕೊ, ಕೋ, ಕೇ, ಕೀ ಇಂಥವುಗಳ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಹೋಲಿಸಿದರೆ ಬೇರೆ ಅನ್ನುತ್ತದೆ. ಪೈಥಾನ್‌ನ ಯೂನಿಕೋಡ್ ಲೈಬ್ರರಿಯಲ್ಲಿ ತುಂಡುಗಳನ್ನು ಸೇರಿಸಿ ಒಂದೇ ಸಂಕೇತ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದೇ ಕರೆ ಸಾಕು. ಹಿರಗನದಲ್ಲೂ ಗ, ಬ ಅಕ್ಷರಗಳ ಎರಡು ಗೆರೆ ಬೇರೆ ಸಂಕೇತವಾಗಿ ಬರುವ ಸಾಧ್ಯತೆ ಇದೆ, ಅದಕ್ಕೂ ಇದೇ ಮದ್ದು.

ಉಚ್ಚಾರದ ಮಟ್ಟದಲ್ಲಿ ಹೋಲಿಸಿದ್ದರ ದೊಡ್ಡ ಲಾಭ ತಪ್ಪಿನ ಜಾತಿ ಗೊತ್ತಾಗುವುದು. ಹ್ರಸ್ವ ದೀರ್ಘದ ತಪ್ಪೇ, ಒತ್ತಿನ ತಪ್ಪೇ, ಕ ಇರಬೇಕಾದಲ್ಲಿ ಗ ಬಂತೇ, ಅಥವಾ ಪದವೇ ಬೇರೆಯೇ, ಎಲ್ಲವನ್ನೂ ಪ್ರೋಗ್ರಾಮ್ ಬೇರೆ ಬೇರೆಯಾಗಿ ಬರೆದಿಡುತ್ತದೆ. ದೀರ್ಘ ಬಿಟ್ಟರೆ ಅರ್ಧ ಅಂಕ ಕೊಡಬಹುದಲ್ಲ ಅಂತ ಅನ್ನಿಸಬಹುದು. ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಜ್ಜಿಯನ್ನು ಚಿಕ್ಕಮ್ಮ ಅಂದರೆ ಅದು ತಪ್ಪೇ. ಆದರೆ ಹೇಗೆ ತಪ್ಪಿತು ಅಂತ ತೋರಿಸಿದರೆ ಮುಂದಿನ ಸಲ ಕಿವಿ ಅಲ್ಲಿಗೇ ಹೋಗುತ್ತದೆ. ಒಂದು ಜಾತಿಯ ತಪ್ಪು ಜಾಸ್ತಿಯಾದಾಗ ಒಜಿಸನ್ ಒಜೀಸನ್, ಬಿರು ಬೀರು ತರಹದ ಜೋಡಿಗಳನ್ನು ಅಕ್ಕಪಕ್ಕದಲ್ಲಿ ಕೇಳುತ್ತದೆ.

ಕ ಗ ತಪ್ಪಿನ ಬಗ್ಗೆ ಒಂದು ಮಾತು. ತೆ ಅಂದರೆ ಕೈ, ಕಮಿ ಅಂದರೆ ಕಾಗದ, ಎರಡೂ ಸೇರಿದರೆ ತೆಗಮಿ, ಪತ್ರ. ಹನ ಹೂವು, ಹಿ ಬೆಂಕಿ, ಸೇರಿದರೆ ಹನಬಿ, ಪಟಾಕಿಯ ಬಾಣಬಿರುಸು. ಇದನ್ನು ಜಪಾನೀಸ್‌ನಲ್ಲಿ ರೆಂದಕು ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಕಲಿಯುವವರಿಗೆ ಇದು ವಿಚಿತ್ರ. ನಮಗೆ ಇದು ಆದೇಶ ಸಂಧಿ, ಅಷ್ಟೇ. ಮಳೆ ಕಾಲ ಸೇರಿ ಮಳೆಗಾಲ. ಹ ಹೋಗಿ ಬ ಬರುವುದು ಹೇಗೆ ಅಂದರೆ ಕಂಬನಿ ನೋಡಿ. ಇವತ್ತಿನ ಹನಿ ಹಳೆಗನ್ನಡದಲ್ಲಿ ಪನಿ. ಕಣ್, ಪನಿ ಸೇರಿ ಪ ಹೋಗಿ ಬ ಬಂತು. ಹನಿ ಒಂಟಿಯಾಗಿದ್ದಾಗ ಹ ಆಯಿತು, ಕಂಬನಿಯ ಒಳಗೆ ಬ ಹಾಗೇ ಉಳಿಯಿತು. ಜಪಾನೀಸ್‌ನಲ್ಲೂ ನಡೆದಿದ್ದು ಇದೇ, ಹಳೆಯ ಪ ಒಂಟಿಯಾಗಿ ಹ ಆಯಿತು, ಹನಬಿಯ ಒಳಗೆ ಬ ಆಗಿ ನಿಂತಿದೆ. ಕ ಗ, ತ ದ, ಹ ಬ ಇಷ್ಟೇ ತಪ್ಪಿದ್ದರೆ ನನ್ನ ಪ್ರೋಗ್ರಾಮ್ 'ಆದೇಶ ಸಂಧಿ ನೋಡು' ಅಂತ ಬರೆಯುತ್ತದೆ. ಎಲ್ಲ ಪದದಲ್ಲೂ ಹೀಗಾಗುತ್ತದೆ ಅಂತ ನಂಬಿಕೊಳ್ಳಬಾರದು. ಎರಡನೆಯ ಪದದಲ್ಲಿ ಆಗಲೇ ಗ, ಝ, ದ, ಬ ಇದ್ದರೆ ಸಾಮಾನ್ಯವಾಗಿ ಬದಲಾವಣೆ ಆಗುವುದಿಲ್ಲ. ಕಮಿಕಝೆಯಲ್ಲಿ ಕ ಗಟ್ಟಿಯಾಗಿ ಉಳಿದಿದ್ದು ಅದಕ್ಕೇ. ಅಮೆರಿಕದ ಭೂವಿಜ್ಞಾನಿ ಬೆಂಜಮಿನ್ ಸ್ಮಿತ್ ಲೈಮನ್ 1894ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಇದಕ್ಕೆ ಲೈಮನ್ ನಿಯಮ ಅಂತ ಹೆಸರು.

ಇನ್ನು ಕಂಜಿ. ಜಪಾನ್ ಸರಕಾರದ ಜೋಯೋ ಪಟ್ಟಿಯಲ್ಲಿ, ಅಂದರೆ ದಿನಬಳಕೆಯ ಕಂಜಿಗಳ ಪಟ್ಟಿಯಲ್ಲಿ, 2010ರಿಂದ 2136 ಕಂಜಿಗಳಿವೆ. ಅದರಲ್ಲಿ 1026 ಅನ್ನು ಪ್ರಾಥಮಿಕ ಶಾಲೆಯಲ್ಲೇ ಕಲಿಸುತ್ತಾರೆ. ಕಂಜಿಗೆ ಒಂದು ಕಾರ್ಡ್ ಮಾಡಿ ಅದರ ಎಲ್ಲ ಓದುಗಳನ್ನು ಕೇಳುವುದು ಅನೇಕರ ಪದ್ಧತಿ. ನಾನು ಅದನ್ನು ಒಪ್ಪುವುದಿಲ್ಲ. ಹುಟ್ಟು, ಬದುಕು ಅನ್ನುವ ಅರ್ಥದ ಒಂದು ಕಂಜಿ ಇದೆ, ಐದೇ ಗೆರೆ. ಸೆನ್ಸೇ ಅಂದರೆ ಗುರು, ಅಲ್ಲಿ ಅದು ಸೇ, ಇಶ್ಶೋ ಅಂದರೆ ಜೀವಮಾನ, ಅಲ್ಲಿ ಶೋ, ಹುಟ್ಟುಹಬ್ಬದ ತಂಜೋಬಿಯಲ್ಲಿ ಜೋ, ಇಕಿರು ಪದದಲ್ಲಿ ಇ, ಉಮರೆರು ಪದದಲ್ಲಿ ಉ, ಹಸಿ ಅನ್ನುವ ಅರ್ಥದಲ್ಲಿ ಒಂಟಿಯಾಗಿ ನಿಂತರೆ ನಮ. ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಏನೂ ಪ್ರಯೋಜನವಿಲ್ಲ, ಪದ ಕಲಿತರೆ ಓದು ತಾನಾಗಿ ಬರುತ್ತದೆ. ಹಾಗಾಗಿ ನನ್ನಲ್ಲಿ ಕಾರ್ಡ್ ಇರುವುದು ಪದಕ್ಕೆ ಮಾತ್ರ. ಕಂಜಿಗೆ ಬೇರೆ ಪುಟ ಇದೆ, ಅದು ನಾನು ಈವರೆಗೆ ಕಲಿತ ಪದಗಳಲ್ಲಿ ಆ ಕಂಜಿ ಎಲ್ಲೆಲ್ಲಿ ಬಂದಿದೆ ಅಂತ ತೋರಿಸುತ್ತದೆ.

ಕಂಜಿಯ ನಿಜವಾದ ಕಷ್ಟ ಒಂದರಂತೆ ಇನ್ನೊಂದು ಕಾಣುವುದು. ದೇವಾಲಯಕ್ಕೆ ತೆರ ಅನ್ನುವ ಕಂಜಿ ಇದೆ. ಅದರ ಎಡಕ್ಕೆ ಸೂರ್ಯ ಇಟ್ಟರೆ ತೊಕಿ, ಸಮಯ. ಕೈ ಇಟ್ಟರೆ ಮೊತ್ಸು, ಹಿಡಿದುಕೋ. ನಡೆಯುವ ಹೆಜ್ಜೆಯ ಗುರುತು ಇಟ್ಟರೆ ಮತ್ಸು, ಕಾಯು. ಮನುಷ್ಯ ಬಂದರೆ ಸಮುರೈ, ಯೋಧ. ಮಾತು ಬಂದರೆ ಶಿ, ಕವಿತೆ. ಹಸು ಬಂದರೆ ವಿಶೇಷ ಅನ್ನುವ ಅರ್ಥದ ತೊಕು. ಆರರಲ್ಲೂ ಬಲಭಾಗ ಒಂದೇ. ಒಂದೊಂದೇ ಬಿಡಿಯಾಗಿ ಬಂದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಒಟ್ಟಿಗೆ ಬಂದಾಗ ಕಲಸಿಹೋಗುತ್ತವೆ. ಇದಕ್ಕೆ ಜಿಮ್ ಬ್ರೀನ್ ಅವರ ನಿಘಂಟುಗಳ ಜೊತೆಗೇ ಸಿಗುವ ಇನ್ನೊಂದು ಫೈಲ್ ಬಳಸಿದೆ, ಪ್ರತಿ ಕಂಜಿಯಲ್ಲೂ ಯಾವ ಯಾವ ತುಂಡುಗಳಿವೆ ಅಂತ ಅದರಲ್ಲಿ ಬರೆದಿದೆ. ಎರಡು ಕಂಜಿಗಳಲ್ಲಿ ಎಷ್ಟು ತುಂಡು ಸಮಾನ ಅಂತ ಎಣಿಸಿದರೆ ಯಾವುದರ ಜೊತೆ ಯಾವುದು ಗೊಂದಲವಾಗಬಹುದು ಅಂತ ಮೊದಲೇ ತಿಳಿಯುತ್ತದೆ. ಹೊಸ ಪದದಲ್ಲಿ ಕಾಯು ಕಂಜಿ ಬಂದರೆ, ಆಗಲೇ ಕಲಿತ ಹಿಡಿ, ಸಮಯ ಎರಡನ್ನೂ ಅವತ್ತೇ ಪಕ್ಕದಲ್ಲಿ ಇಟ್ಟು ಕೇಳುತ್ತದೆ. ಬಲಭಾಗ ಉಚ್ಚಾರದ ಸುಳಿವನ್ನೂ ಕೊಡುತ್ತದೆ. ದೇವಾಲಯ, ಸಮಯ, ಹಿಡಿ, ಸಮುರೈ ನಾಲ್ಕಕ್ಕೂ ಚೀನಾ ಮೂಲದ ಓದು ಜಿ. ಕವಿತೆಗೆ ಶಿ, ಹತ್ತಿರದ್ದೇ. ಕಾಯುವುದಕ್ಕೆ ತೈ, ವಿಶೇಷಕ್ಕೆ ತೊಕು, ಇವೆರಡು ಗುಂಪಿನಿಂದ ಹೊರಗೆ. ಈ ಹೊರಗಿನವನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತೇನೆ.

ಪರದೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಅಕ್ಷರ ದೊಡ್ಡದಾಗಿರಬೇಕು. ಇನ್ನೂ ಆಗಿಲ್ಲ ಅನ್ನುವ ಅರ್ಥದ ಕಂಜಿಗೂ ಕೊನೆ ಅನ್ನುವ ಕಂಜಿಗೂ ಇರುವ ವ್ಯತ್ಯಾಸ ಎರಡು ಅಡ್ಡಗೆರೆಗಳಲ್ಲಿ ಯಾವುದು ಉದ್ದ ಅನ್ನುವುದಷ್ಟೇ. ಎರಡನೆಯದು, ಪುಟದಲ್ಲಿ ಭಾಷೆಯ ಗುರುತು ಜಪಾನೀಸ್ ಅಂತ ಕೊಡಲೇಬೇಕು. ಯೂನಿಕೋಡ್‌ನಲ್ಲಿ ಚೀನೀ ಮತ್ತು ಜಪಾನೀಸ್ ರೂಪಗಳಿಗೆ ಅನೇಕ ಕಡೆ ಒಂದೇ ಸಂಖ್ಯೆ ಇದೆ. ಗುರುತು ಇಲ್ಲದಿದ್ದರೆ ಬ್ರೌಸರ್ ಚೀನೀ ಫಾಂಟ್ ಎತ್ತಿಕೊಂಡು, ಎಲುಬು ಅನ್ನುವ ಕಂಜಿಯ ಮೇಲ್ಭಾಗದ ಚಿಕ್ಕ ಮೂಲೆಯನ್ನು ಎಡಬಲ ತಿರುಗಿಸಿ ತೋರಿಸಬಹುದು. ಕಲಿಯುವವರು ಅದನ್ನೇ ಕಲಿತುಬಿಡುತ್ತಾರೆ.

ಯಾವ ಪದವನ್ನು ಯಾವಾಗ ಮತ್ತೆ ಕೇಳಬೇಕು ಅನ್ನುವ ಲೆಕ್ಕಕ್ಕೆ ಎಸ್‌ಎಂ-2 ಅನ್ನುವ ಸೂತ್ರ ಸಾಕು. ಪೋಲೆಂಡಿನ ಪ್ಯೋಟರ್ ವೋಜ್ನಿಯಾಕ್ 1987ರಲ್ಲಿ ಮಾಡಿದ್ದು. ಮೊದಲ ಸಲ 1 ದಿನ ಬಿಟ್ಟು, ಎರಡನೇ ಸಲ 6 ದಿನ ಬಿಟ್ಟು, ಆಮೇಲೆ ಹಿಂದಿನ ಅಂತರವನ್ನು ಒಂದು ಗುಣಕದಿಂದ ಗುಣಿಸುವುದು. ಗುಣಕ 2.5ರಿಂದ ಶುರುವಾಗುತ್ತದೆ, ಕಷ್ಟಪಟ್ಟು ನೆನಪಿಸಿಕೊಂಡ ಪದಕ್ಕೆ ಇಳಿಯುತ್ತದೆ, 1.3ಕ್ಕಿಂತ ಕೆಳಗೆ ಹೋಗುವುದಿಲ್ಲ. ಗುಣಕ 2.5ರಲ್ಲೇ ಉಳಿದ ಪದಕ್ಕೆ ಅಂತರ 1, 6, 15, 38, 95 ದಿನ. ಅಂದರೆ ಐದು ತಿಂಗಳಲ್ಲಿ ಐದು ಸಲ. ದಿನಕ್ಕೆ 10 ಹೊಸ ಪದ ಸೇರಿಸುತ್ತಾ ಹೋದರೆ ಐದು ತಿಂಗಳ ಹೊತ್ತಿಗೆ, ಒಂದೂ ಮರೆಯದಿದ್ದರೂ, ದಿನಕ್ಕೆ 50 ಹಳೆಯ ಪದ ಬರುತ್ತವೆ. ಮರೆತದ್ದು ಸೇರಿದರೆ ಇನ್ನೂ ಜಾಸ್ತಿ. ಹೊಸ ಪದ ಸೇರಿಸುವ ಉತ್ಸಾಹದಲ್ಲಿ ಈ ಲೆಕ್ಕ ಮರೆಯಬಾರದು. ನನ್ನ ಪ್ರೋಗ್ರಾಮ್ ಬಾಕಿ ಇರುವಾಗ ಹೊಸ ಪದವನ್ನು ತಾನೇ ನಿಲ್ಲಿಸುತ್ತದೆ. 2023ರಿಂದ ಅಂಕಿಯಲ್ಲಿ ಎಫ್‌ಎಸ್‌ಆರ್‌ಎಸ್ ಅನ್ನುವ ಹೊಸ ಲೆಕ್ಕ ಬಂದಿದೆ, ಅದು ಕಲಿಯುವವರ ಹಳೆಯ ಉತ್ತರಗಳನ್ನು ನೋಡಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಮುಂದೆ ಅದಕ್ಕೆ ಹೋಗುವ ದಾರಿ ತೆರೆದಿರಲಿ ಅಂತ ಪ್ರತಿ ಉತ್ತರವನ್ನೂ, ಟೈಪ್ ಮಾಡಿದ್ದು ಹೇಗಿತ್ತೋ ಹಾಗೇ, ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ಸೇರಿಸುತ್ತಾ ಹೋಗುತ್ತೇನೆ. ಅದರಲ್ಲಿ ಯಾವ ಸಾಲನ್ನೂ ತಿದ್ದುವುದಿಲ್ಲ, ಅಳಿಸುವುದಿಲ್ಲ. ವೇಳಾಪಟ್ಟಿ ಬೇಕಾದಾಗ ಆ ಕೋಷ್ಟಕದಿಂದ ಮೊದಲಿನಿಂದ ಲೆಕ್ಕ ಹಾಕಬಹುದು. ಇಂಥ ಪ್ರೋಗ್ರಾಮ್ ಬರೆಯುವವರಿಗೆ ನಾನು ಕೊಡುವ ಮೊದಲ ಸಲಹೆ ಇದೇ.

ಕನ್ನಡ ಲಿಪಿಗೂ ಹಿಡಿಯಲಾಗದ್ದು ಒಂದು ಉಳಿದಿದೆ, ಸ್ವರದ ಏರಿಳಿತ. ಹಶಿ ಅಂದರೆ ಊಟದ ಕಡ್ಡಿ, ಸೇತುವೆ, ಅಂಚು. ತೋಕ್ಯೋ ಉಚ್ಚಾರದಲ್ಲಿ ಕಡ್ಡಿಗೆ ಮೊದಲ ಮಾತ್ರೆ ಎತ್ತರ, ಎರಡನೆಯದು ತಗ್ಗು. ಸೇತುವೆಗೆ ಮೊದಲನೆಯದು ತಗ್ಗು, ಎರಡನೆಯದು ಎತ್ತರ, ಮುಂದೆ ಪ್ರತ್ಯಯ ಬಂದರೆ ಅದು ಇಳಿಯುತ್ತದೆ. ಅಂಚಿಗೆ ಪ್ರತ್ಯಯವೂ ಎತ್ತರದಲ್ಲೇ ಉಳಿಯುತ್ತದೆ. ಹಿರಗನದಲ್ಲಿ ಮೂರೂ ಒಂದೇ. ಸದ್ಯಕ್ಕೆ ಮಾತ್ರೆಗಳ ಚೌಕಗಳ ಮೇಲೆ ಒಂದು ಗೆರೆ ಎಳೆದು ಎತ್ತರ ತಗ್ಗು ತೋರಿಸುತ್ತಿದ್ದೇನೆ. ಕಂಪ್ಯೂಟರ್ ಓದಿ ಹೇಳುವ ದನಿಯನ್ನು ಇದಕ್ಕೆ ನಂಬುವುದಿಲ್ಲ, ಜಪಾನೀಸ್ ಮಾತೃಭಾಷೆಯವರ ಧ್ವನಿಮುದ್ರಣ ಇರುವ ಪದಕ್ಕೆ ಮಾತ್ರ ಗೆರೆ ಹಾಕುತ್ತೇನೆ. ಪದವನ್ನು ನಾನೇ ಹೇಳಿ ಮುದ್ರಿಸಿ, ಅವರ ದನಿಯ ಹಿಂದೆಯೇ ಕೇಳಿಸಿಕೊಳ್ಳುವ ಗುಂಡಿಯನ್ನು ಈಗ ಸೇರಿಸುತ್ತಿದ್ದೇನೆ. ಅದರಲ್ಲಿ ಪ್ರೋಗ್ರಾಮ್ ತಪ್ಪು ಸರಿ ಹೇಳುವುದಿಲ್ಲ. ಎರಡು ದನಿ ಒಂದರ ಹಿಂದೆ ಒಂದು ಬರುತ್ತವೆ, ತೀರ್ಮಾನ ಕಿವಿಯದು.